ಕೂಗಳತೆಯಲ್ಲೊಂದು ಮರೆ

ನಮ್ಮ ಊರುಗಳಲ್ಲಿ ಸಾರ್ವಜನಿಕ ಶಿಲ್ಪ ಅಂದರೆ ಸರ್ಕಲ್ ಮಧ್ಯೆ ನಿಂತ ಒಬ್ಬ ದೊಡ್ಡ ಮನುಷ್ಯ. ಸುತ್ತ ಗ್ರಿಲ್ಲು, ಜಯಂತಿಗೆ ಹಾರ, ಉಳಿದ ದಿನ ಪಾರಿವಾಳ. ಕೊಂಕು ಮಾತಲ್ಲ ಇದು. ಆ ಮೂರ್ತಿಗಳಿಗೆ ಅವುಗಳದ್ದೇ ಕೆಲಸ ಇದೆ, ನಾನೂ ಅಂಥವನ್ನು ಮಾಡಿಯೇ ಸಂಸಾರ ಸಾಗಿಸಿದ್ದೇನೆ. ಆದರೆ ಅವು ಯಾರಿಗೂ ಕೂರೋಕೆ ಜಾಗ ಕೊಡುವುದಿಲ್ಲ. ತಲೆ ಎತ್ತಿ ನೋಡು, ಮುಂದೆ ಹೋಗು ಅನ್ನುತ್ತವೆ.

ಈಗ ಕೈಯಲ್ಲಿರುವ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಬಯಲುಸೀಮೆಯ ಒಂದು ಜಿಲ್ಲಾ ಊರಿನ ಆಸ್ಪತ್ರೆ. ವಾರ್ಡುಗಳಿರುವ ಕಟ್ಟಡಕ್ಕೂ ಲ್ಯಾಬ್ ಇರುವ ಕಟ್ಟಡಕ್ಕೂ ನಡುವೆ ಒಂದು ಅಂಗಳ. ಎರಡು ಹೊಂಗೆ ಮರ, ಒಂದು ಜನರೇಟರ್ ರೂಮು, ಮುರಿದ ಸ್ಟ್ರೆಚರ್‌ಗಳ ರಾಶಿ. ತಂದೆಯನ್ನು ಅದೇ ಆಸ್ಪತ್ರೆಯಲ್ಲಿ ಕಳೆದುಕೊಂಡ ಒಂದು ಕುಟುಂಬ, ಅವರ ನೆನಪಿಗೆ ಅಲ್ಲೊಂದು ಶಿಲ್ಪ ಮಾಡಿಸಬೇಕು ಅಂತ ಹಣ ಎತ್ತಿಟ್ಟಿತ್ತು. ಮೊದಲ ಮೀಟಿಂಗಿನಲ್ಲಿ ಕಮಿಟಿಯವರ ಮನಸ್ಸಿನಲ್ಲಿ ಇದ್ದದ್ದು ಎರಡು ದೊಡ್ಡ ಅಂಗೈ, ಅದರ ನಡುವೆ ಒಂದು ಕೆಂಪು ಹೃದಯ, ಸುತ್ತ ಕಾರಂಜಿ, ರಾತ್ರಿ ಬಣ್ಣದ ಲೈಟು. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ತೀರಿಕೊಂಡವರ ಮಗಳು ಬಾಯಿ ಬಿಟ್ಟರು. "ಅಪ್ಪ ಐಸಿಯುನಲ್ಲಿದ್ದಾಗ ನಂಗೆ ಒಂದು ಹತ್ತು ನಿಮಿಷ ಎಲ್ಲಾದ್ರೂ ಹೋಗಿಬಿಡೋಣ ಅನ್ಸೋದು. ಹೋಗೋಕೆ ಜಾಗಾನೇ ಇರ್ಲಿಲ್ಲ. ಲೇಡೀಸ್ ಟಾಯ್ಲೆಟ್‌ಗೆ ಹೋಗಿ ಸುಮ್ನೆ ನಿಂತ್ಕೋತಿದ್ದೆ."

ಅಲ್ಲಿಗೆ ಎಲ್ಲರೂ ಮೌನವಾದರು ಅಂತೇನೂ ಅಂದುಕೊಳ್ಳಬೇಡಿ. ಕಾರಂಜಿ ಬಗ್ಗೆ ಇನ್ನೂ ಬಹಳ ಹೊತ್ತು ಮಾತು ನಡೆಯಿತು. ಆದರೆ ನನಗೆ ಕೆಲಸ ಸಿಕ್ಕಿದ್ದು ಆ ಮಾತಿನಲ್ಲಿ.

ಆಸ್ಪತ್ರೆಯಲ್ಲಿ ರೋಗಿಗೆ ಮಂಚ ಇರುತ್ತದೆ, ಡಾಕ್ಟರಿಗೆ ಕುರ್ಚಿ ಇರುತ್ತದೆ. ಜೊತೆಗೆ ಬಂದವರಿಗೆ ಏನೂ ಇಲ್ಲ. ಹೆಸರು ಕೂಡ ಇಲ್ಲ, ಅವರು 'ಪೇಷಂಟ್ ಕಡೆಯವರು' ಅಷ್ಟೇ. ಸಿಸ್ಟರ್ ಬಾಗಿಲಿಂದ ತಲೆ ಹೊರಗೆ ಹಾಕಿ, "ಬೆಡ್ ನಂಬರ್ ಹದಿನಾಲ್ಕು, ಪೇಷಂಟ್ ಕಡೆಯವ್ರು ಯಾರ್ರೀ?" ಅಂತ ಕೂಗುತ್ತಾರೆ. ಆ ಕೂಗಿಗೆ ಕಾರಿಡಾರ್ ಪೂರ್ತಿ ಮುಖ ಎತ್ತುತ್ತದೆ. ಮಾತ್ರೆ ತರಬೇಕೋ, ರಕ್ತ ಕೊಡಬೇಕೋ, ಎಲ್ಲಾದರೂ ಸಹಿ ಹಾಕಬೇಕೋ, ಇಲ್ಲಾ ಆ ಇನ್ನೊಂದು ಸುದ್ದಿಯೋ, ಕೂಗಿದ ದನಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಅವರು ಯಾರೂ ದೂರ ಹೋಗುವುದಿಲ್ಲ. ಗೇಟಿನ ಹೊರಗೆ ಕಾಫಿ ಕುಡಿಯಲು ಹೋದವರೂ ಅರ್ಧ ಲೋಟ ಬಿಟ್ಟು ವಾಪಸ್ ಓಡಿ ಬರುತ್ತಾರೆ.

ಎಲ್ಲಾದರೂ ತಪ್ಪಿಸಿಕೊಂಡು ಹೋಗಬೇಕು ಅಂದಾಗ ನಮಗೆ ಹೊಳೆಯುವುದೆಲ್ಲ ದೂರದ ಜಾಗ. ಬೆಟ್ಟ, ಕಾಡು, ಸಮುದ್ರದ ದಂಡೆ. ಇವರಿಗೆ ಬೇಕಿರುವುದು ಕೂಗಳತೆಯಲ್ಲಿ. ಬೇರೆಯವರ ಕಣ್ಣಿಗೆ ಬೀಳಬಾರದು, ಆದರೆ ಕರೆದರೆ ಕೇಳಿಸಬೇಕು. ನನ್ನ ಮಟ್ಟಿಗೆ ಈ ಶಿಲ್ಪದ ಮೊದಲ ಅಳತೆ ಇದೇ ಆಯಿತು. ಒಬ್ಬ ಸಿಸ್ಟರ್‌ಗೆ ಹೇಳಿ, ವಾರ್ಡಿನ ಬಾಗಿಲಿಂದ ದಿನಾ ಕೂಗುವ ದನಿಯಲ್ಲೇ ಕೂಗಿಸಿದೆ. ಎಲ್ಲಿಯವರೆಗೆ ಮಾತು ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಜನರೇಟರ್ ಓಡುವಾಗ ಮತ್ತೆ ಕೂಗಿಸಿದೆ, ಗೆರೆ ಇನ್ನೂ ಒಳಗೆ ಬಂತು. ಆ ಒಳಗಿನ ಗೆರೆ ದಾಟಿ ಒಂದು ಕಲ್ಲೂ ಹೋಗಬಾರದು ಅಂತ ಅವತ್ತೇ ತೀರ್ಮಾನ.

ಜನ ತಮ್ಮ ಜಾಗವನ್ನು ಆಗಲೇ ಹುಡುಕಿಕೊಂಡಿದ್ದರು ಅನ್ನುವುದು ಬೇರೆ ಮಾತು. ಜನರೇಟರ್ ರೂಮಿನ ಹಿಂದೆ ಒಂದೂವರೆ ಅಡಿ ಎತ್ತರದ ಸಿಮೆಂಟ್ ಕಟ್ಟೆ ಇದೆ. ಡೀಸೆಲ್ ವಾಸನೆ, ಸೊಳ್ಳೆ. ಆದರೂ ನೋಡಿದಾಗಲೆಲ್ಲ ಅಲ್ಲಿ ಯಾರೋ ಒಬ್ಬರು ಇರುತ್ತಿದ್ದರು. ಅಂಗಳದ ನಟ್ಟನಡುವೆ ಹಾಕಿದ್ದ ಕಬ್ಬಿಣದ ಬೆಂಚು ಮಾತ್ರ ಖಾಲಿ. ಬೆಂಚಿನ ಮೇಲೆ ಕೂತವರ ಬೆನ್ನ ಹಿಂದೆ ಜನ ಓಡಾಡುತ್ತಾರೆ, ಎದುರಿಗೆ ಮೂರು ಮಹಡಿಯ ಕಿಟಕಿಗಳು. ಕಟ್ಟೆಯಲ್ಲಿ ಹಾಗಿಲ್ಲ. ಬೆನ್ನಿಗೆ ಗೋಡೆ ಸಿಗುತ್ತದೆ, ಓರೆಯಾಗಿ ನೋಡಿದರೆ ವಾರ್ಡಿನ ಬಾಗಿಲು ಕಾಣುತ್ತದೆ. ಇಂಗ್ಲೆಂಡಿನ ಭೂಗೋಳ ತಜ್ಞ ಜೇ ಆಪಲ್ಟನ್ 1975ರಲ್ಲಿ ಇದನ್ನೇ ಒಂದು ವಾದವಾಗಿ ಮಂಡಿಸಿದ್ದರು. ಮನುಷ್ಯನಿಗೆ ಹಿತ ಅನ್ನಿಸುವ ಜಾಗ ಅಂದರೆ ತಾನು ಎಲ್ಲವನ್ನೂ ನೋಡಬಲ್ಲ, ತನ್ನನ್ನು ಯಾರೂ ನೋಡಲಾರದ ಜಾಗ ಅಂತ. ಅಷ್ಟೆಲ್ಲ ಓದುವ ಮೊದಲೇ ಆ ಜನರೇಟರ್ ಕಟ್ಟೆ ನೋಡಿದ್ದರೆ ಸಾಕಿತ್ತು ಅಂತ ನನಗೆ ಅನ್ನಿಸಿದ್ದುಂಟು. ಬೆನ್ನಿಗೆ ಆಸರೆ, ಕಣ್ಣಿಗೆ ದಾರಿ. ಇಷ್ಟು ಕೊಟ್ಟರೆ ಡೀಸೆಲ್ ವಾಸನೆಯನ್ನೂ ಜನ ತಡೆದುಕೊಳ್ಳುತ್ತಾರೆ.

ಆಸ್ಪತ್ರೆಗೆ ಇಂಥ ಜಾಗ ಯಾಕೆ ಬೇಕು ಅಂತ ಕಮಿಟಿಯಲ್ಲಿ ಕೇಳಿದಾಗ ನಾನು ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಕಥೆ ಹೇಳಿದೆ. ತೋಟಗಳ ಬಗ್ಗೆ ಬರೆಯುತ್ತಿದ್ದ, ತೋಟ ಮಾಡುತ್ತಿದ್ದ ಸ್ಕಾಟ್ಲೆಂಡಿನ ಹೆಣ್ಣುಮಗಳು. 1993ರಲ್ಲಿ ಕ್ಯಾನ್ಸರ್ ಮರಳಿ ಬಂದಿದೆ, ಉಳಿದಿರುವುದು ಕೆಲವೇ ತಿಂಗಳು ಅಂತ ಡಾಕ್ಟರ್ ಹೇಳಿದರು. ಆ ಮಾತನ್ನು ಅರಗಿಸಿಕೊಳ್ಳಲು ಆಕೆಗೂ ಗಂಡನಿಗೂ ಸಿಕ್ಕಿದ್ದು ಕಿಟಕಿ ಇಲ್ಲದ ಒಂದು ಕಾರಿಡಾರ್. ಒಳಗೆ ಮುಂದಿನ ರೋಗಿಯ ಸರದಿ. ಆಕೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾಲ ಬದುಕಿದರು. ಆ ಕಾಲವನ್ನು ಆಸ್ಪತ್ರೆಯ ಪಕ್ಕದಲ್ಲೇ, ಆದರೆ ಆಸ್ಪತ್ರೆಯ ಹಾಗೆ ಇರದ ಒಂದು ಮನೆ ಕಟ್ಟುವ ಯೋಜನೆಗೆ ಕೊಟ್ಟರು. 1995ರಲ್ಲಿ ತೀರಿಕೊಂಡರು. ಮರುವರ್ಷ ಎಡಿನ್‌ಬರೋದಲ್ಲಿ ಮೊದಲ ಮ್ಯಾಗೀಸ್ ಸೆಂಟರ್ ಬಾಗಿಲು ತೆರೆಯಿತು. ಈಗ ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಅವು ಇವೆ. ಗಂಡ ಚಾರ್ಲ್ಸ್ ಜೆಂಕ್ಸ್ ವಾಸ್ತುಶಿಲ್ಪದ ಬಗ್ಗೆ ಬರೆದು ಹೆಸರು ಮಾಡಿದವರು. ಆಮೇಲೆ ಮಣ್ಣು, ಹುಲ್ಲು, ನೀರಿನಲ್ಲಿ ದೊಡ್ಡ ದೊಡ್ಡ ಶಿಲ್ಪಗಳನ್ನು ಮಾಡಿದರು. ಇನ್ವರ್‌ನೆಸ್ ಸೆಂಟರಿನ ಪಕ್ಕದ ಹುಲ್ಲಿನ ದಿಬ್ಬಗಳು ಅವರದ್ದೇ, ಜನ ಅದರ ಮೇಲೆ ಹತ್ತಿ ಸುತ್ತುಹಾಕಿ ಬರಬಹುದು.

ಕಮಿಟಿಯ ಡಾಕ್ಟರೊಬ್ಬರಿಗೆ ಕಥೆ ಸಾಕಾಗಲಿಲ್ಲ, ಅಂಕಿ ಬೇಕಿತ್ತು. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ಅದು. ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಡಾಕ್ಟರ್ ತಲೆ ಆಡಿಸಿದರು. ನನಗೆ ಆ ಅಂಕಿ ಅಂಥ ದೊಡ್ಡ ವಿಷಯ ಅನ್ನಿಸಲ್ಲ. ಮೇಲಾಗಿ ಅದು ರೋಗಿಗಳ ಲೆಕ್ಕ, ಹೊರಗೆ ಕಾಯುವವರದ್ದಲ್ಲ. ಆದರೆ ಹೊಂಗೆ ಮರ ಕಡಿದು ಪಾರ್ಕಿಂಗ್ ಮಾಡುವ ಮಾತು ಅವತ್ತಿಗೆ ನಿಂತಿತು.

ನನ್ನ ಕಸುಬಿನವರಿಗೆ ಒಂದು ಚಟ ಇದೆ. ಜಾಗ ಸಿಕ್ಕರೆ ಅದರ ಮಧ್ಯಕ್ಕೆ ಹೋಗಿ ನಿಲ್ಲುವುದು. ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಅವರ 'ಟಿಲ್ಟೆಡ್ ಆರ್ಕ್'. 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ನಿಲ್ಲಿಸಿದ ಉಕ್ಕಿನ ಗೋಡೆ. 120 ಅಡಿ ಉದ್ದ, 12 ಅಡಿ ಎತ್ತರ, ಒಂದು ಕಡೆ ವಾಲಿಕೊಂಡಿತ್ತು. ಸುತ್ತಲಿನ ಸರ್ಕಾರಿ ಆಫೀಸಿನ ಜನಕ್ಕೆ ಊಟದ ಹೊತ್ತಲ್ಲಿ ಹೊರಗೆ ಬಂದರೆ ಇದ್ದ ಬಯಲು ಅದೊಂದೇ. ಅದನ್ನೂ ಗೋಡೆ ಸೀಳಿತು. 1985ರ ವಿಚಾರಣೆಯಲ್ಲಿ 180 ಜನ ಮಾತಾಡಿದರು. 122 ಜನ ಇರಲಿ ಅಂದರು, 58 ಜನ ತೆಗೀರಿ ಅಂದರು. ಆದರೂ 1989ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಕತ್ತರಿಸಿ ಸಾಗಿಸಿದರು. ಆಮೇಲೆ ಅಲ್ಲಿಗೆ ಬಂದದ್ದು ಏನು ಗೊತ್ತಾ? ಮಾರ್ಥಾ ಶ್ವಾರ್ಟ್ಜ್ ವಿನ್ಯಾಸ ಮಾಡಿದ, ಸುರುಳಿ ಸುತ್ತಿಕೊಂಡು ಹೋಗುವ ಹಸಿರು ಬೆಂಚುಗಳು.

ಸೆರಾ ಕಡೆಯವರು ಅದನ್ನು ಕಲೆಯ ಕೊಲೆ ಅಂತ ಬಗೆದರು. ನಾನು ಅಷ್ಟು ದೂರ ಹೋಗಲ್ಲ, ಹಾಗಂತ ಆಫೀಸಿನವರ ಪರ ಪೂರ್ತಿ ನಿಲ್ಲುವುದಕ್ಕೂ ಆಗಲ್ಲ. ಆ ಗೋಡೆಯನ್ನೇ ಬೇರೆ ರೀತಿ ಬಾಗಿಸಿದ್ದರೆ, ಅದರ ಹೊಟ್ಟೆಯೊಳಗೆ ಕೂರುವ ಹಾಗೆ ಮಾಡಿದ್ದರೆ, ಇಡೀ ನ್ಯೂಯಾರ್ಕಿನಲ್ಲಿ ಅಂಥ ಮರೆ ಇನ್ನೊಂದು ಇರುತ್ತಿರಲಿಲ್ಲ. ಆದರೆ ಸೆರಾಗೆ ಅದು ಬೇಕಿರಲಿಲ್ಲ. ಜನ ಆ ಜಾಗವನ್ನು ಗಮನಿಸಲಿ, ಕಿರಿಕಿರಿ ಆದರೂ ಸರಿ ಅನ್ನುವುದು ಅವರ ದಾರಿ. ಅದೂ ಒಂದು ದಾರಿಯೇ. ಆಸ್ಪತ್ರೆಯ ಅಂಗಳದಲ್ಲಿ ನಡೆಯದ ದಾರಿ.

ಈ ಕೆಲಸ ಹಿಡಿದಾಗಿನಿಂದ ನಾನು ಜಾಸ್ತಿ ಹಿಂದೆ ಬಿದ್ದಿರುವುದು ಶಿಲ್ಪಿ ಇಸಾಮು ನೊಗುಚಿ ಅವರ ಹಿಂದೆ. 1904ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ತಂದೆ ಜಪಾನಿ ಕವಿ, ತಾಯಿ ಅಮೆರಿಕದವರು. ಎರಡೂ ದೇಶದಲ್ಲಿ ಅರ್ಧ ಹೊರಗಿನವರಾಗಿ ಬೆಳೆದರು. 1933ರಲ್ಲಿ ನ್ಯೂಯಾರ್ಕಿಗಾಗಿ 'ಆಟದ ಬೆಟ್ಟ' ಅಂತ ಒಂದು ಯೋಜನೆ ಮಾಡಿದರು. ಉಯ್ಯಾಲೆ, ಜಾರುಬಂಡೆ ಅಂತ ಬಿಡಿ ಸಾಮಾನು ಇಲ್ಲ, ನೆಲವನ್ನೇ ಮೆಟ್ಟಿಲು ಮತ್ತು ಇಳಿಜಾರಾಗಿ ಮಾಡಿಬಿಡುವುದು. ನಗರದ ಪಾರ್ಕುಗಳ ಯಜಮಾನ ರಾಬರ್ಟ್ ಮೋಸೆಸ್ ನಕ್ಕು ಸಾಗಹಾಕಿದರು. 1960ರ ದಶಕದಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆ ಸೇರಿ ಅದೇ ಊರಿನ ರಿವರ್‌ಸೈಡ್ ಪಾರ್ಕಿಗೆ ಮತ್ತೊಂದು ಆಟದ ಮೈದಾನದ ನಕ್ಷೆ ಮಾಡಿದರು. ವರ್ಷಗಟ್ಟಲೆ ತಿದ್ದಿ ತಿದ್ದಿ ಕೊನೆಗೆ ಅದೂ ಬಿದ್ದುಹೋಯಿತು.

ಇವೆರಡರ ನಡುವೆ ನಡೆದ ಒಂದು ಘಟನೆ ನನ್ನನ್ನು ಬಿಡುವುದಿಲ್ಲ. 1942. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಕ್ಯಾಂಪುಗಳಿಗೆ ತುಂಬುತ್ತಿತ್ತು. ನೊಗುಚಿ ನ್ಯೂಯಾರ್ಕ್ ವಾಸಿ, ಆ ಹುಕುಂ ಅವರಿಗೆ ಅನ್ವಯಿಸುತ್ತಿರಲಿಲ್ಲ. ತಾವಾಗಿಯೇ ಅರಿಜೋನಾ ಮರುಭೂಮಿಯ ಪೋಸ್ಟನ್ ಕ್ಯಾಂಪಿಗೆ ಹೋದರು. ಒಳಗಿನವರಿಗೆ ಬದುಕು ಸ್ವಲ್ಪ ಹಗುರ ಆಗಲಿ ಅಂತ ಪಾರ್ಕು, ಆಟದ ಜಾಗ, ಸ್ಮಶಾನದ ನಕ್ಷೆ ಬರೆದರು. ಒಂದೂ ಕಟ್ಟಲಿಲ್ಲ. ಕ್ಯಾಂಪ್ ನಡೆಸುವವರಿಗೆ ಅದರ ಅಗತ್ಯ ಕಾಣಲಿಲ್ಲ, ಒಳಗಿನ ಜನಕ್ಕೆ ತಾನಾಗಿ ಬಂದ ಈ ಮನುಷ್ಯನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಹೋಗುವಾಗ ಸುಲಭವಾಗಿ ಹೋದವರಿಗೆ ಹೊರಗೆ ಬರೋದು ಕಷ್ಟ ಆಯಿತು. ತಿಂಗಳುಗಟ್ಟಲೆ ಅರ್ಜಿ, ಕಾಯುವುದು. ಕೊನೆಗೆ ನವೆಂಬರಿನಲ್ಲಿ ತಾತ್ಕಾಲಿಕ ರಜೆ ಸಿಕ್ಕಿತು. ಹೋದವರು ವಾಪಸ್ ಬರಲಿಲ್ಲ.

ಬೇಲಿ ಹಾಕಿದವರೇ ಬೇಲಿಯೊಳಗೆ ಪಾರ್ಕನ್ನೂ ಕೊಟ್ಟರೆ ಅದಕ್ಕೆ ಏನನ್ನಬೇಕು? ನೊಗುಚಿಯ ಪಾರ್ಕು ಆಗಿದ್ದಿದ್ದರೆ ಜನಕ್ಕೆ ಒಳ್ಳೇದಾಗುತ್ತಿತ್ತೋ, ಕ್ಯಾಂಪು ನೋಡಲು ಚಂದ ಆಗುತ್ತಿತ್ತೋ? ಆಸ್ಪತ್ರೆ ಜೈಲಲ್ಲ, ಒಪ್ಪಿದೆ. ಆದರೆ ಕುರ್ಚಿ ಕೊಡದ, ಕುಡಿಯುವ ನೀರು ಕೊಡದ ಕಾರಿಡಾರುಗಳನ್ನು ಹಾಗೇ ಬಿಟ್ಟು ಅಂಗಳದಲ್ಲಿ ಶಿಲ್ಪ ನಿಲ್ಲಿಸಿದರೆ ಅದು ಮುಖಕ್ಕೆ ಪೌಡರ್ ಹಚ್ಚಿದಂತೆ ಅಷ್ಟೇ. ಇದನ್ನು ಮೀಟಿಂಗಿನಲ್ಲಿ ಹೇಳಿದೆ. ಕಾರಿಡಾರಿಗೆ ಕುರ್ಚಿ ಬಂದವು. ನೀರಿನ ಫಿಲ್ಟರ್ ಬರಬೇಕಷ್ಟೇ.

ನೊಗುಚಿ ಭಾರತಕ್ಕೂ ಬಂದಿದ್ದರು. 1949ರಲ್ಲಿ ಒಂದು ಫೆಲೋಶಿಪ್ ಹಣದಲ್ಲಿ ಯುರೋಪ್, ಏಷ್ಯಾ ಸುತ್ತುತ್ತಾ ಜನ ಬಿಡುವಿನ ಹೊತ್ತನ್ನು ಎಂಥ ಜಾಗದಲ್ಲಿ ಕಳೆಯುತ್ತಾರೆ ಅಂತ ನೋಡುತ್ತಿದ್ದರು. ಜಂತರ್ ಮಂತರ್‌ನ ಫೋಟೋಗಳನ್ನು ತೆಗೆದರು. ಆಕಾಶ ಅಳೆಯಲು ಕಟ್ಟಿದ ಆ ಮೆಟ್ಟಿಲು, ಆ ಬಾಗು ಅವರ ಕೈಯಲ್ಲಿ ಎಷ್ಟು ವರ್ಷ ಉಳಿಯಿತು ಅಂದರೆ, ಜಪಾನಿನ ಸಪ್ಪೊರೊ ಊರಿನಲ್ಲಿರುವ ಅವರ 'ಬ್ಲ್ಯಾಕ್ ಸ್ಲೈಡ್ ಮಂತ್ರ' ನೋಡಿದರೆ ನಮಗೆ ತಟ್ಟನೆ ಗುರುತು ಸಿಗುತ್ತದೆ. ಕಪ್ಪು ಗ್ರಾನೈಟಿನ ಜಾರುಬಂಡೆ. ಹಿಂದೆ ಮೆಟ್ಟಿಲು ಹತ್ತಬೇಕು, ಮುಂದೆ ಸುತ್ತಿಕೊಂಡು ಜಾರಬೇಕು. ಅದನ್ನು ಓದೊರಿ ಪಾರ್ಕಿನಲ್ಲಿ ಇಡಲು, ಪಾರ್ಕಿನ ಎರಡು ತುಂಡುಗಳ ನಡುವೆ ಹಾದುಹೋಗುತ್ತಿದ್ದ ರಸ್ತೆಯನ್ನೇ ಮುಚ್ಚಿದರು. ಈ ಶಿಲ್ಪವನ್ನು ಪೂರ್ತಿ ಮಾಡುವುದು ಮಕ್ಕಳ ಕುಂಡಿ ಅಂತ ನೊಗುಚಿ ಹೇಳುತ್ತಿದ್ದರಂತೆ. ಜಾರಿ ಜಾರಿ ಕಲ್ಲು ನುಣುಪಾಗಬೇಕು, ಅದೇ ಪಾಲಿಶ್. 1988ರ ಡಿಸೆಂಬರಿನಲ್ಲಿ ತೀರಿಕೊಂಡರು. ಜಾರುಬಂಡೆ ನಿಂತದ್ದು 1992ರಲ್ಲಿ. ಅದೇ ಊರಿನ ಹೊರಗೆ ಕಸ ಸುರಿಯುತ್ತಿದ್ದ ಜಾಗದಲ್ಲಿ ಅವರು ಕೊನೆಯ ವರ್ಷ ಯೋಜಿಸಿದ ಮೊಯೆರೆನುಮಾ ಪಾರ್ಕು 2005ರಲ್ಲಿ ಪೂರ್ತಿಯಾಯಿತು. ಅದರೊಳಗೆ ಒಂದು 'ಆಟದ ಬೆಟ್ಟ'ವೂ ಇದೆ. ನ್ಯೂಯಾರ್ಕ್ ನಕ್ಕದ್ದು 1930ರ ದಶಕದಲ್ಲಿ.

ನಾನು ಕಲ್ಲನ್ನು ಪಾಲಿಶ್ ಮಾಡದೆ ಬಿಡುವ ಧೈರ್ಯ ಪಡೆದದ್ದು ಅಲ್ಲಿಂದ. ಸಾದಹಳ್ಳಿಯ ಬೂದು ಕಲ್ಲು. ಉಳಿಯಲ್ಲಿ ಸಣ್ಣಗೆ ಚುಚ್ಚಿ ಬಿಟ್ಟರೆ ಸಾಕು, ಮಳೆಗಾಲದಲ್ಲಿ ಜಾರುವುದಿಲ್ಲ. ಎಲ್ಲಿ ಕೈ ಊರುತ್ತಾರೋ, ಎಲ್ಲಿ ಬೆನ್ನು ಒರಗುತ್ತದೋ ಅಲ್ಲಿ ತಾನಾಗೇ ಮಿನುಗು ಬರುತ್ತದೆ. ನಮ್ಮ ಹಳೇ ದೇವಸ್ಥಾನಗಳ ಕಂಬಗಳಲ್ಲಿ ಸೊಂಟದ ಎತ್ತರಕ್ಕೆ ಇರುವ ಆ ಎಣ್ಣೆಗಪ್ಪು ಪಟ್ಟಿ ನೋಡಿದ್ದೀರಲ್ವಾ, ಅದು ಶಿಲ್ಪಿ ಮಾಡಿದ್ದಲ್ಲ. ಇನ್ನೊಂದು ಕಾರಣ ಬಿಸಿಲು. ಕಪ್ಪು ಕಲ್ಲು ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಮುಟ್ಟೋಕೆ ಆಗಲ್ಲ. ಬೂದು ಕಲ್ಲೂ ಕಾಯುತ್ತದೆ, ಆದರೆ ಹೊಂಗೆಯ ನೆರಳಿದ್ದರೆ ತಡೆಯಬಹುದು. ನಕ್ಷೆಯಲ್ಲಿ ಮರಗಳನ್ನು ಸುತ್ತಿಕೊಂಡೇ ಕಲ್ಲು ಹೋಗುವುದು ಅದಕ್ಕೇ.

ನಕ್ಷೆ ಅಂದೆ. ಹೇಳಿಬಿಡುತ್ತೇನೆ. ಎರಡು ಬಾಗಿದ ಕಲ್ಲಿನ ಗೋಡೆ, ಒಂದು ದೊಡ್ಡದು, ಒಂದು ಚಿಕ್ಕದು. ಒಂದರ ತುದಿ ಇನ್ನೊಂದರ ಹೊಟ್ಟೆಯ ಮುಂದೆ ಬರುವ ಹಾಗೆ ಎದುರುಬದುರು. ಗೋಡೆ ಒಂದು ಕಡೆ ಒಂಬತ್ತು ಇಂಚು ದಪ್ಪ, ಬಾಗುತ್ತಾ ಹೋದಂತೆ ಎರಡು ಅಡಿಗೆ ಉಬ್ಬುತ್ತದೆ. ಒಳಗೋಡೆಗೆ ಸೇರಿಕೊಂಡೇ ಹದಿನಾರು ಇಂಚು ಎತ್ತರದ ಜಗಲಿ. ಅಗಲ ಎರಡು ಅಡಿ, ಯಾಕಂದರೆ ನಮ್ಮ ಹೆಂಗಸರು ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರುವುದಿಲ್ಲ, ಚಕ್ಕಳಮಕ್ಕಳ ಹಾಕುತ್ತಾರೆ. "ಅಷ್ಟು ಅಗಲ ಕೊಟ್ರೆ ಮಲಗಿಬಿಡ್ತಾರೆ ಸಾರ್" ಅಂತ ಆಡಳಿತದವರು ಹೇಳಿದರು. ರಾತ್ರಿಯೆಲ್ಲ ಐಸಿಯು ಬಾಗಿಲಲ್ಲಿ ನಿಂತವರು ಹಗಲು ಅರ್ಧ ಗಂಟೆ ಮಲಗಿದರೆ ಯಾರ ಗಂಟು ಹೋಗುತ್ತದೆ ಅಂತ ನಾನು. ಈ ಜಗಳದಲ್ಲಿ ಗೆದ್ದೆ.

ಎತ್ತರದ ವಿಷಯ ತೀರ್ಮಾನ ಮಾಡಿದ್ದು ಆಸ್ಪತ್ರೆಯ ಸೆಕ್ಯುರಿಟಿ ಹೆಂಗಸು. "ಒಳಗೆ ಯಾರವ್ರೆ ಅಂತ ಕಾಣ್ದೆ ಇದ್ರೆ ಹೆಣ್ಮಕ್ಳು ಕಾಲಿಡಲ್ಲ ಸಾರ್. ಎಲ್ಲಾ ಕಂಡ್ರೂ ಕಾಲಿಡಲ್ಲ." ಹನ್ನೊಂದು ಪದದಲ್ಲಿ ಇಡೀ ಸಮಸ್ಯೆ. ಲೆಕ್ಕ ಹಾಕಿದರೆ ನಾಲ್ಕು ಅಡಿ ಮೂರು ಇಂಚು ಬಂತು. ಜಗಲಿಯಲ್ಲಿ ಕೂತವರ ತಲೆ ಹೊರಗಿನ ದಾರಿಯಿಂದ ಕಾಣುವುದಿಲ್ಲ. ಒಳಗೆ ಹೋಗಬೇಕು ಅನ್ನುವವರು ಹತ್ತಿರ ಬಂದು ನಿಂತರೆ ಯಾರಿದ್ದಾರೆ ಅಂತ ಕಾಣುತ್ತದೆ. ಎರಡು ಕಡೆಯೂ ದಾರಿ ಇರಬೇಕು ಅಂದದ್ದೂ ಅವರೇ. ಒಂದೇ ಬಾಯಿಯ ಜಾಗದಲ್ಲಿ ಯಾರಾದರೂ ಬಂದು ಅಡ್ಡ ನಿಂತರೆ ಮುಗೀತು. ಚಂಡೀಗಢದ ರಾಕ್ ಗಾರ್ಡನ್ನಿನಲ್ಲಿ ನೇಕ್ ಚಂದ್ ಅವರು ಬಾಗಿಲುಗಳನ್ನು ಬೇಕೆಂದೇ ತಗ್ಗು ಮಾಡಿದ್ದಾರೆ, ಬಗ್ಗಿಯೇ ಒಳಗೆ ಹೋಗಬೇಕು. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ಮನುಷ್ಯ, 1957ರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯದ ಹಾಗೆ ಸರ್ಕಾರಿ ಕಾಡಿನ ಹಳ್ಳದಲ್ಲಿ ಒಡೆದ ಬಳೆ, ಪಿಂಗಾಣಿ ಚೂರು ಸೇರಿಸಿ ಒಂದು ರಾಜ್ಯವನ್ನೇ ಕಟ್ಟಿಕೊಂಡವರು. 1976ರಲ್ಲಿ ಅದು ಜನರಿಗೆ ತೆರೆಯಿತು. ಬಗ್ಗಿ ಒಳಗೆ ಹೋದ ಕೂಡಲೇ ಹೊರಗಿನ ಊರು ಮರೆತುಹೋಗುತ್ತದೆ, ಆ ಉಪಾಯ ನನಗೆ ಬಹಳ ಇಷ್ಟ. ಆದರೆ ಮಂಡಿನೋವಿನ ಅಜ್ಜಿಗೆ ಬಗ್ಗಿ ಬಾ ಅನ್ನುವ ಹಾಗಿಲ್ಲ. ಬಿಟ್ಟುಬಿಟ್ಟೆ.

ಮೂಲೆಗಳಿಲ್ಲ ಅನ್ನುವುದನ್ನೂ ಗಮನಿಸಿ. ಮೂಲೆ ಇದ್ದರೆ ಎಲೆ ಅಡಿಕೆ ಉಗುಳು ಖಂಡಿತ. ಕಮಿಟಿಯ ಹಿರಿಯರೊಬ್ಬರು, ಗೋಡೆಗೆ ದೇವರ ಟೈಲ್ಸ್ ಅಂಟಿಸಿಬಿಡಿ, ಯಾರೂ ಉಗುಳಲ್ಲ ಅಂದರು. ನಮ್ಮೂರಿನ ಎಲ್ಲ ಕಾಂಪೌಂಡುಗಳಲ್ಲೂ ಸರ್ವಧರ್ಮ ಸಮನ್ವಯ ಆಗಿರುವುದು ಹೀಗೇ ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೂ ಹೇಳಬೇಕು. ನಕ್ಷೆ ನೋಡಿ, "ಇದೇನ್ ಸಾರ್, ಕಾಂಪೌಂಡ್ ಕಟ್ತಿದೀರಾ?" ಅಂದ. ಶಿಲ್ಪ ಎಲ್ಲಿ ಅಂತ ಅವನ ಮಾತು. ನನಗೂ ಒಳಗೊಳಗೆ ಚುಚ್ಚಿತು. ಆಮೇಲೆ ಯೋಚಿಸಿದರೆ, ನಮ್ಮಲ್ಲಿ ಈ ಜಾತಿಯ ಶಿಲ್ಪ ಹೊಸದೇನಲ್ಲ. ಅರಳಿಕಟ್ಟೆ ಏನು ಮತ್ತೆ? ಅರಳಿ, ಬೇವು ಜೋಡಿ ಮರ, ಸಾಲಾಗಿ ನಾಗರಕಲ್ಲು, ಸುತ್ತ ಕಟ್ಟೆ. ಪೂಜೆ ಮಾಡುವವರು ಮಾಡುತ್ತಾರೆ, ಸೊಸೆ ಜೊತೆ ಜಗಳ ಆಡಿ ಬಂದವರು ಸುಮ್ನೆ ಕೂರುತ್ತಾರೆ. ಯಾಕೆ ಕೂತೆ ಅಂತ ಯಾರೂ ಕೇಳಲ್ಲ. ಹಳೇ ದಾರಿಗಳ ಪಕ್ಕ ಹೊರೆಗಲ್ಲು ಇರುತ್ತಿತ್ತು. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತವರು ಯಾರ ಕೈಯೂ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಂಡು ಹೋಗುವ ಎತ್ತರ. ತಮಿಳು ಸೀಮೆಯಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ರೂಢಿ ಇತ್ತು. ಇಳಿಸಲಾಗದ ಹೊರೆ ಹೊತ್ತು ಹೋದವಳ ಹೆಸರಲ್ಲಿ ಬೇರೆಯವರ ಹೊರೆ ಇಳಿಯಲಿ ಅಂತ.

ದಾನಿ ಕುಟುಂಬಕ್ಕೆ ಇದನ್ನು ಹೇಳಿದಾಗ ಅಂಗೈ-ಹೃದಯದ ಮಾತು ಅವರಾಗೇ ಬಿಟ್ಟರು. ಅಷ್ಟೇ ಅಲ್ಲ, ಮಗಳು ಒಂದು ಪ್ರಶ್ನೆ ಕೇಳಿದರು. "ಈಗಿನವರ ತಲೆ ಮೇಲೆ ಹೊರೆ ಇಲ್ಲ. ಕೈಯಲ್ಲಿ ಇರತ್ತೆ. ಅದನ್ನ ಎಲ್ಲಿಡ್ತಾರೆ?" ನಿಜ. ಪೇಷಂಟ್ ಕಡೆಯವರನ್ನು ದೂರದಿಂದಲೇ ಗುರುತಿಸಬಹುದು. ಒಂದು ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಆ ದೊಡ್ಡ ಎಕ್ಸ್‌ರೇ ಕವರ್ರು. ನೆಲಕ್ಕಿಡೋಕೆ ಮನಸ್ಸು ಬರಲ್ಲ, ಮಡಚೋ ಹಾಗಿಲ್ಲ. ಗಂಟೆಗಟ್ಟಲೆ ಎದೆಗೆ ಅವಚಿಕೊಂಡು ಕೂರುತ್ತಾರೆ. ಹಾಗಾಗಿ ದೊಡ್ಡ ಗೋಡೆ ಶುರುವಾಗುವಲ್ಲಿ ಈಗ ಒಂದು ಹೊರೆಗಲ್ಲು ಬಂದಿದೆ. ಎದೆಯ ಎತ್ತರ, ಅಡ್ಡಗಲ್ಲಿನ ಮೇಲೆ ಎಕ್ಸ್‌ರೇ ಕವರ್ ನಿಲ್ಲುವ ಹಾಗೆ ಒಂದು ಸೀಳು. ಜಗಲಿಯಲ್ಲಿ ಎಲ್ಲಿ ಕೂತರೂ ಅದು ಕಾಣುತ್ತದೆ, ಕಳ್ಳತನದ ಭಯಕ್ಕೆ. ತಂದೆಯ ಹೆಸರು ಅದರ ಪಕ್ಕದ ಮೈಯಲ್ಲಿ, ಸಣ್ಣ ಅಕ್ಷರದಲ್ಲಿ. ಮೇಸ್ತ್ರಿಗೂ ಈಗ ಶಿಲ್ಪ ಎಲ್ಲಿದೆ ಅಂತ ಸಮಾಧಾನ.

ಕಾರಂಜಿ ಮಾತ್ರ ಹೋಗಲೊಲ್ಲದು. ಕಾರಂಜಿ ಬೇಕು ಅನ್ನುವವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಅಳುವವರಿಗೆ ಸದ್ದು ಬೇಕು. ನೀರು ಬೀಳುವ ಸದ್ದಿದ್ದರೆ ಬಿಕ್ಕಿದ್ದು ಪಕ್ಕದವರಿಗೆ ಕೇಳಲ್ಲ. ಆದರೆ ಕಾಯುವವರಿಗೆ ಸದ್ದು ಬೇಡ, ಅವರ ಕಿವಿ ವಾರ್ಡಿನ ಬಾಗಿಲಲ್ಲಿರುತ್ತದೆ. ಕಷ್ಟ ಏನಂದರೆ ಅಳುವವರೂ ಕಾಯುವವರೂ ಒಬ್ಬರೇ. ಇದನ್ನು ಎಷ್ಟು ತಿರುವಿ ಹಾಕಿದರೂ ಎರಡಕ್ಕೂ ಒದಗುವ ಉತ್ತರ ಸಿಗಲಿಲ್ಲ. ಕೂಗು ಕೇಳದೆ ಹೋದರೆ ಆಗುವ ನಷ್ಟ ದೊಡ್ಡದು ಅನ್ನುವ ಲೆಕ್ಕದಲ್ಲಿ ಕಾರಂಜಿ ಬೇಡ ಅಂದೆ. ಬದಲಿಗೆ ಒಂದು ನಲ್ಲಿ ಕೇಳಿದೆ. ಅತ್ತ ಮೇಲೆ ಮನುಷ್ಯನಿಗೆ ಮೊದಲು ಬೇಕಾಗುವುದು ಮುಖ ತೊಳೆಯಲು ನೀರು. ಕೆಂಪು ಕಣ್ಣಲ್ಲಿ ವಾರ್ಡಿಗೆ ಹೋದರೆ ಮಲಗಿರುವವರಿಗೆ ಗೊತ್ತಾಗಿಬಿಡುತ್ತದೆ. ಚಿಕ್ಕ ಗೋಡೆಯ ತುದಿಯಲ್ಲಿ ಒಂದು ಕಲ್ಲಿನ ಬೋಗುಣಿ, ಮೇಲೊಂದು ನಲ್ಲಿ. ಕನ್ನಡಿ ಇಡಬೇಕು ಅಂತಲೂ ಇತ್ತು. ಒಡೆಯುತ್ತಾರೆ ಅಂದರು, ಬಿಟ್ಟೆ.

ಕಲ್ಲು ಕಡಿಸುವ ಮೊದಲು ಗಾರೆ ಇಲ್ಲದೆ ಸಿಮೆಂಟ್ ಇಟ್ಟಿಗೆ ಜೋಡಿಸಿ ಅದೇ ಅಳತೆಯಲ್ಲಿ ಒಂದು ಮಾದರಿ ನಿಲ್ಲಿಸಿದೆವು. ಮೊದಲು ಯಾರೂ ಹತ್ತಿರ ಸುಳಿಯಲಿಲ್ಲ, ಟಾಯ್ಲೆಟ್ ಕಟ್ಟುತ್ತಿದ್ದಾರೆ ಅಂದುಕೊಂಡಿದ್ದರಂತೆ. ಆಮೇಲೆ ಒಬ್ಬಾಕೆ ಟಿಫನ್ ಕ್ಯಾರಿಯರ್ ಬಿಚ್ಚಿ ಊಟಕ್ಕೆ ಕೂತರು. ಊಟ ಮಾಡುವ ಹೆಂಗಸು ಕಂಡ ಕೂಡಲೇ ಉಳಿದವರಿಗೂ ಧೈರ್ಯ ಬಂತು. ಮಗುವಿಗೆ ಹಾಲು ಕೊಡುವ ತಾಯಂದಿರು ದೊಡ್ಡ ಗೋಡೆ ಬಿಟ್ಟು ಚಿಕ್ಕ ಗೋಡೆಯ ಒಳಬಾಗಿಗೇ ಹೋಗುತ್ತಿದ್ದರು. ಅದಕ್ಕೇ ಅಲ್ಲಿ ಬಾಗು ಇನ್ನೂ ಸ್ವಲ್ಪ ಬಿಗಿ ಮಾಡಿದೆ. ಒಬ್ಬ ಹುಡುಗ ಬಂದ, ಇಪ್ಪತ್ತರ ಒಳಗೆ ಇರಬೇಕು. ಫೋನ್ ಕಿವಿಗೆ ಹಿಡಿದು, "ಅಮ್ಮ, ಅಪ್ಪಂಗೆ ಸ್ವಲ್ಪ ಸೀರಿಯಸ್ಸು. ನೀನು ಹೊರಟು ಬಾ" ಅಂದ. ನಿಲ್ಲಿಸಿದ. "ಅಮ್ಮ, ಗಾಬರಿ ಆಗ್ಬೇಡ, ಅಪ್ಪಂಗೆ ಸ್ವಲ್ಪ..." ಅಂದ. ಮತ್ತೆ ಮೊದಲಿಂದ. ಆಗ ಗೊತ್ತಾಯಿತು, ಅವನಿನ್ನೂ ನಂಬರ್ ಒತ್ತಿಯೇ ಇರಲಿಲ್ಲ. ಹೇಗೆ ಹೇಳೋದು ಅಂತ ಬಾಯಲ್ಲಿ ಕೂಡಿಸಿಕೊಳ್ಳುತ್ತಿದ್ದ. ನಾನು ಅಳತೆ ಟೇಪು ಸುತ್ತಿಕೊಂಡು ಹೊರಗೆ ಬಂದೆ.

ತಪ್ಪಿಸಿಕೊಳ್ಳುವ ಜಾಗ ಅಂತ ಹೊರಟ ನನಗೆ ಇದು ಲೆಕ್ಕದಲ್ಲೇ ಇರಲಿಲ್ಲ. ಅವನು ಯಾವುದರಿಂದಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ, ಒಂದು ಕೆಲಸಕ್ಕೆ ತಯಾರಾಗುತ್ತಿದ್ದ. ಮಾತು ಹೊರಗೆ ಕೇಳಬಾರದು ಅನ್ನುವುದು ಹೊಸ ಅಗತ್ಯ. ಒಳಗಿನ ಗೋಡೆಯನ್ನು ಒರಟಾಗಿಯೇ ಬಿಟ್ಟು, ಮೇಲಂಚನ್ನು ಒಳಮುಖವಾಗಿ ಒಂದು ಇಂಚು ಚಾಚುವ ಹಾಗೆ ತಿದ್ದಿದ್ದೇನೆ. ದನಿ ಎಷ್ಟು ತಡೆಯುತ್ತದೆ ಅನ್ನುವುದು ಕಲ್ಲು ನಿಂತ ಮೇಲೆಯೇ ಗೊತ್ತಾಗಬೇಕು.

ಈಗ ಕಲ್ಲು ಶಿವಾರಪಟ್ಟಣದಲ್ಲಿದೆ. ಅಲ್ಲಿನ ಶಿಲ್ಪಿಗಳು ದೇವರ ಮೂರ್ತಿಗಳ ನಡುವೆ ಬಿಡುವು ಮಾಡಿಕೊಂಡು ಇದನ್ನು ಕಡಿಯುತ್ತಿದ್ದಾರೆ. ಮಳೆಗಾಲಕ್ಕೆ ಮುಂಚೆ ಪಾಯ ಮುಗಿಸಬೇಕು. ಕಮಿಟಿಯಲ್ಲಿ ಎರಡು ವಿಷಯ ಬಾಕಿ. ಒಳಗೆ ಸಿಸಿಟಿವಿ ಬೇಕು ಅನ್ನುತ್ತಾರೆ. ಬರುವ ಹೋಗುವ ದಾರಿಗೆ ಹಾಕಿ, ಜಗಲಿಯ ಕಡೆ ಮುಖ ಮಾಡಬೇಡಿ ಅಂದಿದ್ದೇನೆ. ಸೆಕ್ಯುರಿಟಿ ಹೆಂಗಸು ನನ್ನ ಕಡೆ ಇದ್ದಾರೆ, ಆದರೆ ಅವರಿಗೆ ಮೀಟಿಂಗಿನಲ್ಲಿ ಕುರ್ಚಿ ಇಲ್ಲ. ಇನ್ನೊಂದು ನಲ್ಲಿ. ಪೈಪು ಲ್ಯಾಬ್ ಕಡೆಯಿಂದ ಅಗೆದು ತರಬೇಕು. ಆ ಖರ್ಚು ದಾನಿಗಳದ್ದಾ, ಆಸ್ಪತ್ರೆಯದ್ದಾ ಅಂತ ಫೈಲು ಇನ್ನೂ ಓಡಾಡುತ್ತಿದೆ.